ಹಿಂದಿನ ಸಾಲಿನ ಹಿತ್ತಾಳೆ

ಅವರ ತುಟಿ ನೋಡಿದವರು ಮೊದಲು ಗಾಯವೆಂದೇ ತಿಳಿಯುತ್ತಿದ್ದರು. ಮೇಲ್ದುಟಿಯಿಂದ ಕೆಳದುಟಿಯವರೆಗೆ ಬಳೆ ಒತ್ತಿ ತೆಗೆದಂಥ ದುಂಡನೆಯ ಗುರುತು. ಅದರೊಳಗಿನ ಚರ್ಮ ಹಿಮ್ಮಡಿಯಷ್ಟು ಗಟ್ಟಿ. ಇಪ್ಪತ್ತೈದು ವರ್ಷ ಯುಫೋನಿಯಂ ಊದಿದವರ ತುಟಿ ಹಾಗಾಗುತ್ತದೆ. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತು, ಎದೆಗೆ ಅವಚಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ ಅದು. ಅದರ ಬಾಯಿ ಆಕಾಶಕ್ಕೆ ತೆರೆದಿರುತ್ತದೆ. ಊದುವವನ ಮುಖ ಅರ್ಧ ಅದರ ಹಿಂದೆಯೇ ಮುಚ್ಚಿಹೋಗಿರುತ್ತದೆ. ಹೀಗಾಗಿ ಪುಣೆಯಲ್ಲಿ ಸಾವಿರಾರು ಮಂದಿಯ ಮದುವೆಯಲ್ಲಿ ಊದಿದ ಈ ಮನುಷ್ಯನ ಮುಖ ಒಂದು ಮದುವೆಯವರಿಗೂ ನೆನಪಿರಲಿಕ್ಕಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ದಿವಸದ ಕಾರ್ಯಕ್ಕೆ ಕಾತ್ರಜದ ಅವರ ಮಗಳ ಮನೆಗೆ ಹೋಗಿದ್ದೆ. ಅವರ ಊರ ಕಡೆಯ ಹಿರಿಯರು ನಾಲ್ಕು ಜನ ಎದ್ದು ನಿಂತು ಮಾತಾಡಿದರು. ಒಳ್ಳೆಯ ಗೌಂಡಿ, ಕಟ್ಟಿದ ಗೋಡೆ ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲ, ಕಲಬುರಗಿ ಕಡೆಯಿಂದ ಎಷ್ಟೋ ಮಂದಿಯನ್ನು ಕರೆತಂದು ಕೆಲಸಕ್ಕೆ ಹಚ್ಚಿದರು ಎಂದರು. ಎಲ್ಲ ನಿಜ. ಹೆಂಡವನ್ನು ಕೈಯಿಂದ ಮುಟ್ಟಿದವರಲ್ಲ ಎಂದೂ ಒಬ್ಬರು ಹೇಳಿದಾಗ ನಾನು ನಾಲಿಗೆ ಕಚ್ಚಿಕೊಂಡೆ. ಆದರೆ ಅವರು ಊದುತ್ತಿದ್ದರು ಎಂದು ಒಬ್ಬನಾದರೂ ಒಂದು ಮಾತು ಆಡಲಿಲ್ಲ. ಹಾರ ಹಾಕಿದ್ದ ಫೋಟೋ ನೋಡಿದರೆ, ಫೋಟೋ ಸ್ಟುಡಿಯೋದವನು ತನ್ನ ಕೈಚಳಕದಿಂದ ತುಟಿಯ ಮೇಲಿನ ಆ ಗುರುತನ್ನೂ ತೀಡಿ ಅಳಿಸಿಬಿಟ್ಟಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ನನ್ನ ಮುಂದೆ ಯಾಕ ಒದರತೀರಿ, ಕೂತು ಬರೀರಿ ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ನನ್ನ ಬ್ಯಾಂಕು ನನ್ನನ್ನು ಧಾರವಾಡದಿಂದ ಪುಣೆಗೆ ಎತ್ತಿ ಹಾಕಿತು. ನಾರಾಯಣ ಪೇಟೆಯ ಒಂದು ಹಳೆಯ ವಾಡೆಯಲ್ಲಿ, ಮೇಲಿನ ಅಂತಸ್ತಿನಲ್ಲಿ ಎರಡು ಖೋಲಿ ಸಿಕ್ಕಿದ್ದವು. ಕೆಳಗೆ ಅಂಗಳಕ್ಕೆ ತಾಗಿ ಒಂದು ಬ್ಯಾಂಡ್ ಕಂಪನಿಯ ಕೋಣೆ. ಅಲ್ಲಿ ಕೆಂಪು ಕೋಟುಗಳು ಸಾಲಾಗಿ ತೂಗುತ್ತಿದ್ದವು, ವಾದ್ಯಗಳು ಗೋಣಿಚೀಲ ಹೊದ್ದು ಮಲಗಿರುತ್ತಿದ್ದವು. ಕಾಕಾ ಹಗಲೆಲ್ಲ ಎಲ್ಲಾದರೂ ಇಟ್ಟಂಗಿ ಕಟ್ಟಿ, ಸಂಜೆ ಅಲ್ಲಿಗೆ ಬಂದು ಕೈಕಾಲು ತೊಳೆದು ಕೋಟು ಹಾಕಿಕೊಳ್ಳುತ್ತಿದ್ದರು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಸಿಮೆಂಟು ಇರುತ್ತಿತ್ತು. ಮದುವೆಯ ಹಂಗಾಮು ಮುಗಿದು ಮಳೆಗಾಲ ಬಂದರೆ ಬರೀ ಗೌಂಡಿ ಕೆಲಸ.

ನಮ್ಮ ಮನೆಯಲ್ಲಿ ಒಂದು ರಿಕಾರ್ಡ್ ಪ್ಲೇಯರ್ ಇತ್ತು. ವರದಕ್ಷಿಣೆ ಮುಟ್ಟುವುದಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿದ್ದಕ್ಕೆ ಮಾವನವರು ಪ್ರೀತಿಯಿಂದ ಕೊಟ್ಟದ್ದು. ಪ್ರೀತಿಯಿಂದ ಕೊಟ್ಟರೆ ಬೇಡವೆನ್ನುವುದು ಹೇಗೆ? ನಾಲ್ಕಾರು ಖಯಾಲಿನ ರಿಕಾರ್ಡುಗಳು, ಹೆಂಡತಿಯ ಸಿನೆಮಾ ಹಾಡುಗಳು, ಇಷ್ಟೇ ನಮ್ಮ ಆಸ್ತಿ. ಧಾರವಾಡದವನಾದ್ದರಿಂದ ಸಂಗೀತ ನನ್ನ ಹಿತ್ತಲ ಗಿಡ ಎಂಬ ಜಂಬ ನನಗಿತ್ತು. ಕೆಳಗಿನ ಬ್ಯಾಂಡಿನವರ ಅಭ್ಯಾಸ ಶುರುವಾದರೆ ಕಿಟಕಿ ಮುಚ್ಚುತ್ತಿದ್ದೆ.

ಒಂದು ಸೋಮವಾರ ಸಂಜೆ ಕಾಕಾ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಾಚೆಯೇ ನಿಂತರು. ಕಂಕುಳಲ್ಲಿ ಸಿಮೆಂಟಿನ ಚೀಲದ ಕಾಗದ ಸುತ್ತಿದ ಏನೋ ಒಂದು ಚೌಕ ವಸ್ತು.

"ಸಾಹೇಬ್ರ, ನಿಮ್ಮಲ್ಲಿ ರಿಕಾರ್ಡ್ ಹಾಕೂದು ಅದ ಅಂತಲ್ರಿ."

"ಅದ. ಯಾಕ?"

"ನನ್ನ ಹತ್ರ ರಿಕಾರ್ಡ್ ಅದರಿ. ಹಾಕೂದಿಲ್ಲ."

ಜೂನಾ ಬಾಜಾರದಲ್ಲಿ ಹಳೆಯ ಹಿತ್ತಾಳೆ ಸಾಮಾನುಗಳ ನಡುವೆ ವಾದ್ಯದ ಬಾಯಿತುಂಡು ಹುಡುಕುತ್ತಿದ್ದಾಗ ಇದು ಕಣ್ಣಿಗೆ ಬಿತ್ತಂತೆ. ಆ ಕಾಲದಲ್ಲಿ ಕೋರೆಗಾಂವ್ ಪಾರ್ಕಿನ ಕಡೆ ಕಾವಿ ತೊಟ್ಟ ವಿದೇಶಿಯರು ಗುಂಪುಗುಂಪಾಗಿ ಬಂದಿಳಿಯುತ್ತಿದ್ದರು. ವೈರಾಗ್ಯ ಹೆಚ್ಚಾದಾಗಲೋ, ಊರ ನೆನಪಾದಾಗಲೋ ತಮ್ಮ ಸಾಮಾನು ಬಿಟ್ಟು ಹೋಗುತ್ತಿದ್ದರು. ಅದೆಲ್ಲ ಜೂನಾ ಬಾಜಾರಕ್ಕೆ ಬರುತ್ತಿತ್ತು. ಕಾಕಾಗೆ ಇಂಗ್ಲಿಷೂ ಬಾರದು, ಕನ್ನಡ ಅಕ್ಷರವೂ ಬಾರದು. ಅವರು ಆ ರಿಕಾರ್ಡು ತೆಗೆದುಕೊಂಡದ್ದು ರಟ್ಟಿನ ಮೇಲಿದ್ದ ಚಿತ್ರ ನೋಡಿ. ಹತ್ತು ಹನ್ನೊಂದು ಜನ ಕರಿಯರು, ಅಗಲ ಪಾಯಿಜಮೆಯಂಥ ಪ್ಯಾಂಟು, ತಲೆಯ ತುಂಬ ಬುಟ್ಟಿಯಷ್ಟು ಕೂದಲು. ಅದಲ್ಲ ವಿಶೇಷ. ಹಾಡುವವನು ಹಿಂದೆ ಒಂದು ಮೂಲೆಯಲ್ಲಿ ಮೈಕು ಹಿಡಿದು ನಿಂತಿದ್ದ. ಟ್ರಂಪೆಟ್ಟು, ಟ್ರೊಂಬೋನು, ಸ್ಯಾಕ್ಸೊಫೋನು ಹಿಡಿದವರೆಲ್ಲ ಮುಂದೆ.

"ಊದಾವ್ರು ಮುಂದ ನಿಂತಾರ, ನೋಡ್ರಿ," ಎಂದು ಬೆರಳಿಟ್ಟು ತೋರಿಸಿದರು. "ಇವ್ರ ಹೆಂಗ ಊದ್ತಾರ ಕೇಳಬೇಕಾಗ್ಯದ."

ನಾನು ಹಾಕಿದೆ. ಡ್ರಮ್ಮು, ತಂತಿಯ ಕುಟುಕು, ಅದರ ಮೇಲೆ ಏಳು ಹಿತ್ತಾಳೆಗಳು ಒಟ್ಟಿಗೆ ಒಂದೇ ಏಟು ಹೊಡೆದು ಒಟ್ಟಿಗೇ ಬಾಯಿ ಮುಚ್ಚಿದವು. ಮತ್ತೆ ಹೊಡೆದವು, ಮತ್ತೆ ಮುಚ್ಚಿದವು. ಒಳಗಿನಿಂದ ಹೆಂಡತಿ ಬಂದು ಪಾತ್ರೆ ಬಿದ್ದವೇ ಎಂದು ನೋಡಿ ಹೋದಳು. ನನಗೂ ಗದ್ದಲವೆನಿಸಿತು. ಕಾಕಾ ಮಾತ್ರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದ್ದರು. ಆ ಬದಿ ಮುಗಿಯುವವರೆಗೆ ಮಿಸುಕಲಿಲ್ಲ. ಮುಗಿದ ಮೇಲೆ ಚಹ ಕೊಟ್ಟರೆ ಬೇಡವೆಂದರು. ಮೂರನೆಯ ಹಾಡನ್ನು ಇನ್ನೊಮ್ಮೆ ಹಾಕಲು ಕೇಳಿದರು. ಅದನ್ನು ಆ ಸಂಜೆ ಎಂಟು ಸಲ ಹಾಕಿದೆವು. ಚಹ ಆರಿ ತಣ್ಣಗಾಯಿತು.

ಆಮೇಲೆ ಪ್ರತಿ ಸೋಮವಾರ ಬರತೊಡಗಿದರು. ನಮ್ಮ ಬ್ಯಾಂಕಿನಲ್ಲಿ ಪುಣೆಯ ಕ್ಯಾಂಪ್ ಭಾಗದ, ಗೋವಾ ಮೂಲದ ಗೆಳೆಯನೊಬ್ಬನಿದ್ದ. ನನ್ನ ಬ್ಯಾಂಕಿನ ಇಂಗ್ಲಿಷಿಗೆ ದಕ್ಕದ ರಟ್ಟಿನ ಹಿಂದಿನ ಬರಹವನ್ನು ಅವನೇ ಓದಿ ಹೇಳಿದ. ಇದಕ್ಕೆ ಫಂಕ್ ಅನ್ನುತ್ತಾರೆ, ಅಮೆರಿಕದ ಕರಿಯರ ಸಂಗೀತ, ಕುಣಿಯುವುದಕ್ಕೆಂದೇ ಮಾಡಿದ್ದು ಎಂದ. ಇವರಲ್ಲಿ ಹಿಂದಿನ ಸಾಲಿನವರು ಯಾರು ಎಂದು ಕಾಕಾ ಕೇಳಿದರು. ಗೆಳೆಯ ಹೆಸರುಗಳನ್ನೆಲ್ಲ ಮತ್ತೊಮ್ಮೆ ಓದಿ, ಹಾಗೆ ಯಾರೂ ಇಲ್ಲ, ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದೆ ಎಂದ. ಕಾಕಾ ರಟ್ಟನ್ನು ಇಸಿದುಕೊಂಡು, ತಮಗೆ ಓದಲು ಬಾರದ ಆ ಅಕ್ಷರಗಳ ಅಳತೆಯನ್ನು ಬೆರಳಿನಿಂದ ತಾವೇ ನೋಡಿ ಖಾತ್ರಿ ಮಾಡಿಕೊಂಡರು.

ಅವರಿಗೆ ಅದು ಯಾಕೆ ಅಷ್ಟು ಹಿಡಿಸಿತು ಎಂದು ನನಗೆ ತಿಳಿಯಲು ಸಮಯ ಹಿಡಿಯಿತು. ಮದುವೆ ಬ್ಯಾಂಡಿನಲ್ಲಿ ಹಾಡು ಕ್ಲಾರಿನೆಟ್ಟಿನದು. ಕ್ಲಾರಿನೆಟ್ಟಿನ ಮಾಸ್ತರ ಮುಂದೆ ನಿಂತು ಸಿನೆಮಾ ಹಾಡು ಎತ್ತುತ್ತಾನೆ, ಸೊಂಟ ಬಳುಕಿಸುತ್ತಾನೆ, ವರನ ಮಾವಂದಿರು ಅವನ ತಲೆಯ ಸುತ್ತ ನೋಟು ಇಳಿಸುತ್ತಾರೆ. ಹಿಂದಿನವರು ಭೋಂ ಭೋಂ ಎಂದು ಬುನಾದಿ ಹಾಕುತ್ತ ನಡೆಯಬೇಕು. "ಮುಂದಿನಾಂವ ನಗಬೇಕು, ಹಿಂದಿನಾಂವ ಬೆವರಬೇಕು" ಎಂಬುದು ಕಾಕಾನ ಮಾತು. ಈ ರಿಕಾರ್ಡಿನಲ್ಲಿ ಹಾಡುವವನು ಒಂದೆರಡು ಮಾತು ಕೂಗಿ ಸರಿದು ನಿಲ್ಲುತ್ತಿದ್ದ. ಮಾತು ಮುಂದುವರಿಸುತ್ತಿದ್ದವು ಹಿತ್ತಾಳೆಗಳು. ಅವು ಹಾಡಿಗೆ ಆಸರೆ ಕೊಡುತ್ತಿರಲಿಲ್ಲ, ಅವೇ ಹಾಡಾಗಿದ್ದವು. ಮೊದಲ ಏಟಿನ ಮೇಲೆ ಎಲ್ಲರೂ ಬಂದು ಕೂಡುವ ರೀತಿ ನೋಡಿ, ಇದು ನಮ್ಮ ಸಮ್ ಅಲ್ಲವೇ ಎಂದು ನಾನು ನನ್ನ ಧಾರವಾಡದ ಪಾಂಡಿತ್ಯ ತೋರಿಸಿದೆ. ಕಾಕಾ ಒಪ್ಪಿದರು. ಆದರೆ ಸಮ್ಮಿಗಿಂತ ಅದರ ಮುಂದಿನ ಖಾಲಿ ದೊಡ್ಡದು, ಅಷ್ಟು ಜನ ಒಟ್ಟಿಗೆ ಸುಮ್ಮನಾಗುವುದು ಏಳು ಜನ ಒಟ್ಟಿಗೆ ಊದುವುದಕ್ಕಿಂತ ಕಷ್ಟ ಎಂದರು. ನಾನು ಮತ್ತೆ ಕೇಳಿದೆ. ಆ ದಿನದಿಂದ ಆ ರಿಕಾರ್ಡು ನನಗೆ ಗದ್ದಲವಾಗಿ ಕೇಳಿಸಲಿಲ್ಲ. ಹೆಂಡತಿ ನನಗಿಂತ ಮುಂಚೆಯೇ ಅಡುಗೆಮನೆಯಲ್ಲಿ ಅದಕ್ಕೆ ಸೌಟು ಕುಟ್ಟುತ್ತಿದ್ದಳು.

ಹಿಂದಿನ ಸಾಲಿನಲ್ಲಿ ಕಾಕಾ ಸೇರಿ ನಾಲ್ಕು ಜನ. ಮೂರನೆಯ ಆ ಹಾಡನ್ನು ನಾಲ್ವರೂ ಕಲಿಯಬೇಕು ಎಂದು ಅವರು ನಿಶ್ಚಯಿಸಿದರು. ಸ್ವರ ಬರೆದುಕೊಳ್ಳೋಣವೆಂದರೆ ನಾಲ್ವರಿಗೂ ಅಕ್ಷರದ ಗಂಧವಿಲ್ಲ. ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಕಾಕಾ ವಾಡೆಯ ಅಂಗಳದಲ್ಲಿ ಇಟ್ಟಂಗಿ ಸಾಲು ಹಾಕುತ್ತಿದ್ದಾರೆ. ಇಡೀ ಇಟ್ಟಂಗಿಗೆ ಉದ್ದ ಊದುವುದು. ಅದ್ಧಾ, ಅಂದರೆ ಒಡೆದ ಅರ್ಧ ಇಟ್ಟಂಗಿಗೆ, ಗಿಡ್ಡ ಊದುವುದು. ಇಟ್ಟಂಗಿ ಇಲ್ಲದ ಜಾಗದಲ್ಲಿ ಬಾಯಿ ಮುಚ್ಚುವುದು. ಕಾಕಾ ಕೋಲು ಹಿಡಿದು ಸಾಲಿನ ಗುಂಟ ನಡೆಯುತ್ತಿದ್ದರು, ಉಳಿದ ಮೂವರು ಇಟ್ಟಂಗಿ ನೋಡುತ್ತ ಊದುತ್ತಿದ್ದರು. ಖಾಲಿ ಜಾಗದಲ್ಲಿ ಯಾರಾದರೂ ಒಂದು ಚೂರು ಉಸಿರು ಚೆಲ್ಲಿದರೆ ಕೋಲು ನೆಲಕ್ಕೆ ಬಡಿಯುತ್ತಿತ್ತು, ಮತ್ತೆ ಮೊದಲಿನಿಂದ.

ವಾಡೆಯ ಒಡತಿ ಆಜಿ ಗ್ಯಾಲರಿಯಿಂದ ಬಗ್ಗಿ, ನನ್ನ ಅಂಗಳದಲ್ಲಿ ಕೇಳದೆ ಏನು ಕಟ್ಟುತ್ತಿದ್ದೀ ಎಂದು ಮರಾಠಿಯಲ್ಲಿ ಗದರಿಸಿದರು. ಹಾಡು ಕಟ್ಟುತ್ತಿದ್ದೇನೆ ಆಜಿ, ಸಂಜೆಗೆ ಕಿತ್ತು ಒಯ್ಯುತ್ತೇನೆ ಎಂದರು ಕಾಕಾ. ಆಜಿ ತಲೆ ಚಚ್ಚಿಕೊಂಡು ಒಳಗೆ ಹೋದರು. ಆದರೆ ಎರಡನೇ ಭಾನುವಾರ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರು.

ಈಗ ಒಂದು ರೂಢಿ ಹೇಳಬೇಕು. ಮದುವೆಯ ಬ್ಯಾಂಡು ಹೊರಟಿತೆಂದರೆ ಮಂಟಪ ಮುಟ್ಟುವವರೆಗೆ ಬಾಯಿ ಮುಚ್ಚಬಾರದು. ಒಂದು ಹಾಡು ಮುಗಿದರೂ ಡೋಲು ನಡೆದೇ ಇರಬೇಕು. ಒಂದೇ ಒಂದು ಸಂದರ್ಭದಲ್ಲಿ ಬ್ಯಾಂಡು ರಸ್ತೆಯ ನಡುವೆ ಗಪ್ಪೆಂದು ನಿಲ್ಲುತ್ತದೆ: ಎದುರಿಗೆ ಹೆಣ ಬಂದಾಗ. ಆಗ ಬ್ಯಾಂಡಿನ ಮಾಲಕ ಕೋಲೆತ್ತುತ್ತಾನೆ, ಎಲ್ಲ ವಾದ್ಯ ಇಳಿಯುತ್ತವೆ, ಹೆಣ ದಾಟಿ ಹೋದ ಮೇಲೆ ಮತ್ತೆ ಶುರು. ಪುಣೆಯ ಪೇಟೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ನನಗೆ ಗೊತ್ತಿತ್ತು. ಕಾಕಾಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಐದಾರು ತಿಂಗಳು ಆ ಖಾಲಿಯನ್ನು ಕೇಳಿ ಕೇಳಿ, ಜಗತ್ತಿಗೆಲ್ಲ ಅದು ನಮಗೆ ಕೇಳಿಸಿದಂತೆಯೇ ಕೇಳಿಸುತ್ತದೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೆವು.

ವೈಶಾಖದ ಒಂದು ಸಂಜೆ ಲಕ್ಷ್ಮೀ ರಸ್ತೆಯಲ್ಲಿ ದೊಡ್ಡ ಮದುವೆ. ಕ್ಲಾರಿನೆಟ್ಟಿನ ಹಾಡಿನ ಎರಡು ಚರಣಗಳ ನಡುವೆ ಹಿಂದಿನ ನಾಲ್ವರು ತಮ್ಮ ರಿಕಾರ್ಡಿನ ತುಂಡು ಸೇರಿಸುವುದೆಂದು ಗುಟ್ಟಾಗಿ ಮಾತಾಗಿತ್ತು. ಡೋಲಿನವನನ್ನೂ ಒಳಗೆ ಹಾಕಿಕೊಂಡಿದ್ದರು. ನಾನು ಫುಟ್‌ಪಾತಿನ ಮೇಲೆ ಜೊತೆಜೊತೆಗೇ ನಡೆಯುತ್ತಿದ್ದೆ. ಚರಣ ಮುಗಿಯಿತು. ನಾಲ್ಕು ಹಿತ್ತಾಳೆ ಒಂದೇ ಏಟು ಕೊಟ್ಟು ಗಪ್ಪಾದವು, ಡೋಲೂ ಗಪ್ಪಾಯಿತು. ಕ್ಲಾರಿನೆಟ್ಟಿನ ಮಾಸ್ತರ ಒಬ್ಬಂಟಿಯಾಗಿ ಕೀಂ ಎಂದು, ಗಾಬರಿಯಾಗಿ ಅವನೂ ನಿಲ್ಲಿಸಿದ. ಇಡೀ ಮೆರವಣಿಗೆ ನಿಂತಿತು. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ವರನ ಅಜ್ಜ ಟೊಪ್ಪಿಗೆ ತೆಗೆದು ಎದೆಗೆ ಹಿಡಿದ. ಕುದುರೆಯ ಮೇಲಿನ ವರ ಬಾಸಿಂಗದೊಳಗಿಂದಲೇ ಕೈ ಮುಗಿದು, ಹೆಣ ಯಾವ ಕಡೆಯಿಂದ ಬರುತ್ತಿದೆ ಎಂದು ಎಡಕ್ಕೂ ಬಲಕ್ಕೂ ನೋಡಿದ. ಅಷ್ಟರಲ್ಲಿ ನಮ್ಮ ನಾಲ್ವರು ಎರಡನೆಯ ಏಟು ಹೊಡೆದರು. ಕುದುರೆ ಮುಂಗಾಲೆತ್ತಿತು.

ಮುಂದಿನದನ್ನು ವಿವರವಾಗಿ ಬರೆಯುವುದಿಲ್ಲ. ಮಂಗಳಕಾರ್ಯದಲ್ಲಿ ಹೆಣ ಕರೆದರೆಂದು ವರನ ತಂದೆ ಕುಣಿದಾಡಿದ. ಬ್ಯಾಂಡಿನ ಮಾಲಕರು ಸಭ್ಯ ಮನುಷ್ಯರು, ಎಲ್ಲರ ಕಾಲಿಗೆ ಬಿದ್ದು ಮದುವೆ ಮುಗಿಸಿಕೊಟ್ಟರು. ವಾಡೆಗೆ ಬಂದ ಮೇಲೆ ಕಾಕಾನನ್ನು ಎದುರಿಗೆ ನಿಲ್ಲಿಸಿ, ಬ್ಯಾಂಡು ಹೆಣಕ್ಕೆ ಮಾತ್ರ ನಿಲ್ಲುತ್ತದೆ, ಇನ್ನೊಮ್ಮೆ ನಿಲ್ಲಿಸಿದರೆ ಕೋಟು ಬಿಚ್ಚಿಟ್ಟು ಹೋಗು ಎಂದರು. ಕಾಕಾ ತಲೆ ತಗ್ಗಿಸಿ ಆಗಲಿ ಎಂದರು. ಅವರ ತಪ್ಪೇ ಇತ್ತು. ಆದರೆ ಅವರ ಮುಖದಲ್ಲಿ ಪಶ್ಚಾತ್ತಾಪವನ್ನು ನಾನಂತೂ ಕಾಣಲಿಲ್ಲ.

ಸಮಾಧಾನ ಹೇಳಲು ಹೋಗಿ ನಾನೊಂದು ಉಪಾಯ ಸೂಚಿಸಿದೆ. ಆ ಖಾಲಿಯಲ್ಲಿ ನೀವು ನಾಲ್ವರೂ ಚಪ್ಪಾಳೆ ತಟ್ಟಿ, ಇಲ್ಲವೇ ಹೋ ಎಂದು ಕೂಗಿ, ಬೇಕಂತಲೇ ನಿಲ್ಲಿಸಿದ್ದೆಂದು ಜನರಿಗೆ ತಿಳಿಯುತ್ತದೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಕಿಟಕಿ ಅಂತ ಬಿಟ್ಟಿದ್ದರಾಗ ಮತ್ತ ಇಟ್ಟಂಗಿ ತುಂಬಿದ್ರ, ಅದು ಕಿಟಕಿ ಉಳೀತದೇನ್ರಿ ಸಾಹೇಬ್ರ?"

ಆ ಮಳೆಗಾಲದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕಾಕಾನ ಮುಂದಿನ ಎರಡು ಹಲ್ಲು ಅಲ್ಲಾಡತೊಡಗಿದವು. ಬಾಯಿತುಂಡಿಗೆ ತುಟಿ ಒತ್ತಿ ಊದಬೇಕಾದರೆ ಹಿಂದಿನಿಂದ ಹಲ್ಲು ಆನಿಕೆ ಕೊಡಬೇಕು. ಹಲ್ಲು ಹೋದರೆ ಊದುವವನು ಮುಗಿದ. ಹಲ್ಲಿನ ಡಾಕ್ಟರರು ಕೀವು ತುಂಬಿದೆ, ಕೂಡಲೇ ತೆಗೆಯಬೇಕು ಎಂದರು. ಗಣಪತಿ ಮುಗಿಯುವವರೆಗೆ ತಡೆಯಿರಿ ಎಂದು ಕಾಕಾ ಬೇಡಿಕೊಂಡು ಬಂದರು. ಲವಂಗ ಕಚ್ಚಿಕೊಂಡು, ಬಾತ ಕೆನ್ನೆಗೆ ಪಂಚೆಯ ಚೂರು ಕಟ್ಟಿಕೊಂಡು ಗೋಡೆ ಕಟ್ಟಲು ಹೋಗುತ್ತಿದ್ದರು. ಸೋಮವಾರ ಮಾತ್ರ ತಪ್ಪಿಸಲಿಲ್ಲ. ಒಮ್ಮೆ ನನ್ನ ಹೆಂಡತಿ, ಇಷ್ಟು ನೋವು ತಿಂದು ಯಾಕ ಕಾಕಾ, ತಗಿಸಿಬಿಡ್ರಿ ಎಂದಳು.

"ತಗಿಸ್ತೀನ್ರಿ ಬಾಯಾರ. ನಾಲ್ಕ ಮಂದಿ ಅದನ್ನ ಒಮ್ಮೆ ರೋಡಿನ ಮ್ಯಾಲ ಪೂರ್ತಿ ಊದಬೇಕು. ಒಮ್ಮೆ ಆದ್ರ ಸಾಕು. ಆಮ್ಯಾಲ ಹಲ್ಲ ಇದ್ದಷ್ಟು, ಬಿದ್ದಷ್ಟು."

ಹೆಂಡತಿಗೆ ಕಣ್ಣೀರು ಬಂತು, ನನಗೂ ಬಂತು. ಆ ಒಂದು ಸಲ ಹೇಗೆ ಬಂದೀತು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಮದುವೆ ಹಂಗಾಮು ಮುಗಿದಿತ್ತು. ಗಣಪತಿ ವಿಸರ್ಜನೆಗೆ ಬ್ಯಾಂಡು ಹೋಗುತ್ತದೆ ನಿಜ, ಆದರೆ ಮಾಲಕರಿಗೆ ಕೊಟ್ಟ ಮಾತಿತ್ತು, ಕೋಟಿನ ಪ್ರಶ್ನೆಯಿತ್ತು.

ಪುಣೆಯ ವಿಸರ್ಜನೆ ಒಂದೇ ದಿನದಲ್ಲಿ ಮುಗಿಯುವಂಥದಲ್ಲ. ಚತುರ್ದಶಿಯ ಬೆಳಿಗ್ಗೆ ಹೊರಟ ಸಾಲು ಮರುದಿನ ಬೆಳಗಾದರೂ ಕರಗುವುದಿಲ್ಲ. ಮರುದಿನ ಎಂಟು ಗಂಟೆಯ ಬಿಸಿಲಿನಲ್ಲಿ ನಾನೂ ಹೆಂಡತಿಯೂ ಥರ್ಮಾಸಿನಲ್ಲಿ ಚಹ ತುಂಬಿಕೊಂಡು, ಇವರು ಎಲ್ಲಿದ್ದಾರೆಂದು ಹುಡುಕುತ್ತ ಹೋದೆವು. ಲಕ್ಷ್ಮೀ ರಸ್ತೆಯ ಒಂದು ಚೌಕದಲ್ಲಿ ಸಿಕ್ಕಿದರು. ಮುಂದಿನ ಗಣಪತಿ ಮಂಡಳದ ಗಾಡಿ ಕೆಟ್ಟು ನಿಂತು, ಇವರ ಗಣಪತಿಯೂ ಒಂದು ತಾಸಿನಿಂದ ಅಲ್ಲೇ ನಿಂತಿತ್ತು. ರಾತ್ರಿಯೆಲ್ಲ ಊದಿ ಕ್ಲಾರಿನೆಟ್ಟಿನ ಮಾಸ್ತರನ ತುಟಿ ಒಡೆದು ರಕ್ತ ಬಂದಿತ್ತು. ಅವನು ಅಂಗಡಿಯೊಂದರ ಕಟ್ಟೆಯ ಮೇಲೆ ಗೋಡೆಗೊರಗಿ ಕೂತುಬಿಟ್ಟಿದ್ದ. ಗುಲಾಲು ಮೆತ್ತಿದ ಮಂಡಳದ ಜನ ಮಾಲಕರ ಸುತ್ತ ನಿಂತು, ಬ್ಯಾಂಡು ತಂದದ್ದು ನೋಡಲಿಕ್ಕಲ್ಲ, ಊದಿಸಿ ಎಂದು ಒಂದೇ ಸಮ ಒತ್ತಾಯಿಸುತ್ತಿದ್ದರು. ಮಾಲಕರು ಅಸಹಾಯಕರಾಗಿ ಹಿಂದಿನ ಸಾಲಿನ ಕಡೆ ತಿರುಗಿದರು.

ಕಾಕಾ ಲವಂಗ ಉಗುಳಿದರು. ನಮಗೆ ಒಂದೇ ಹಾಡು ಗೊತ್ತು ಮಾಲಕ, ಅದು ನಿಲ್ಲುತ್ತದೆ ಎಂದರು ಮರಾಠಿಯಲ್ಲಿ. ಮಾಲಕರು ಬೇಡ ಎನ್ನಲಿಲ್ಲ.

ನಾಲ್ವರು ಎತ್ತಿದರು. ಡೋಲಿನವನು ನಿದ್ದೆಗಣ್ಣಿನಿಂದ ಎದ್ದು ಲಯ ಹಿಡಿದ. ಮೊದಲ ಏಟು, ಮೊದಲ ನಿಲುಗಡೆ. ನಾನು ಹೆದರಿ ಹೆಂಡತಿಯ ಕೈ ಹಿಡಿದುಕೊಂಡೆ. ಮುದುಕರಿಬ್ಬರು ಅಭ್ಯಾಸಬಲದಿಂದ ಟೊಪ್ಪಿಗೆಗೆ ಕೈ ಹಾಕಿದ್ದನ್ನು ಕಣ್ಣಾರೆ ಕಂಡೆ. ಎರಡನೆಯ ಏಟು, ಎರಡನೆಯ ನಿಲುಗಡೆ. ಕುಣಿಯುತ್ತಿದ್ದವರು ತಬ್ಬಿಬ್ಬಾಗಿ ಒಂದು ಕಾಲು ಮೇಲೆತ್ತಿಕೊಂಡೇ ನಿಂತರು. ಎತ್ತಿದ ಕಾಲು ಎಷ್ಟು ಹೊತ್ತು ಮೇಲಿರಲು ಸಾಧ್ಯ? ಹಿತ್ತಾಳೆ ಸುಮ್ಮನಿದ್ದ ಆ ಜಾಗದಲ್ಲಿ ನೂರಾರು ಕಾಲುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಧಪ್. ಅದರ ಬೆನ್ನಿಗೇ ಹಿತ್ತಾಳೆ. ಮೂರನೆಯ ಸಲ ಅವರು ಬೇಕಂತಲೇ ಕಾಲೆತ್ತಿ ಕಾದರು. ನಾಲ್ಕನೆಯ ಸಲ ಹಿಂದಿನ ಮಂಡಳದವರೂ ಓಡಿ ಬಂದು ಸೇರಿಕೊಂಡಿದ್ದರು. ರಾತ್ರಿಯಿಡೀ ಕುಣಿದು ಹೆಣದಂತಾಗಿದ್ದ ಮಂದಿಗೆ ಅದೆಲ್ಲಿಂದ ಜೀವ ಬಂತೋ, ಗುಲಾಲು ಮತ್ತೆ ಹಾರಿತು. ಆ ಖಾಲಿಯನ್ನು ಕಾಕಾ ಯಾಕೆ ತುಂಬಗೊಡಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಅದು ಕುಣಿಯುವವರ ಪಾಲು. ಅಮೆರಿಕದ ಆ ಏಳು ಜನ ರಟ್ಟಿನ ಮೇಲೆ ಅಷ್ಟು ಬೀಗಿ ನಿಂತದ್ದೂ ಅದಕ್ಕೇ ಇರಬೇಕು.

ಕಾಕಾನ ಗಲ್ಲದ ಗುಂಟ ರಕ್ತ ಇಳಿಯುತ್ತಿತ್ತು. ವಾದ್ಯದ ಹಿಂದಿನಿಂದ ಅವರ ಕಣ್ಣು ಮಾತ್ರ ಕಾಣುತ್ತಿತ್ತು, ಅದು ಮಾಲಕರ ಮೇಲೇ ಇತ್ತು. ಮಾಲಕರು ಗುಂಪಿನ ನಡುವೆ ಸುಮ್ಮನೆ ನಿಂತಿದ್ದರು. ಐದನೆಯ ಏಟು ಬೀಳುವ ಹೊತ್ತಿಗೆ ಅವರು ಕೈಯ ಕೋಲನ್ನು ಮೇಲೆತ್ತಿದರು. ಹೆಣ ಬಂದಾಗ ಎತ್ತುತ್ತಾರಲ್ಲ, ಅದೇ ರೀತಿ. ನಾಲ್ವರೂ ಸರಿಯಾಗಿ ಅದರ ಸನ್ನೆಗೇ ಊದುವುದನ್ನು ನಿಲ್ಲಿಸಿದರು. ಮಾಲಕರೇ ಆ ಖಾಲಿಯನ್ನು ಅಳೆದು ಕೋಲು ಇಳಿಸಿದರು. ಗಾಡಿ ಹೊರಡುವವರೆಗೆ ಇಪ್ಪತ್ತು ನಿಮಿಷ ಹೀಗೇ ನಡೆಯಿತು. ನನ್ನ ಹೆಂಡತಿ, ಧಾರವಾಡದ ಮರ್ಯಾದಸ್ಥರ ಮಗಳು, ಥರ್ಮಾಸು ನನ್ನ ಕೈಗೆ ಕೊಟ್ಟು ಲಕ್ಷ್ಮೀ ರಸ್ತೆಯಲ್ಲಿ ಕುಣಿದಳು. ನನ್ನ ಜೀವನದಲ್ಲಿ ಇನ್ನೊಬ್ಬರ ಬಗ್ಗೆ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿಲ್ಲ.

ಮರುವಾರ ಹಲ್ಲು ತೆಗೆಸಿದರು. ಯುಫೋನಿಯಂ ಬೇರೆಯವರ ಕೈಗೆ ಹೋಯಿತು. ಬ್ಯಾಂಡಿಗೆ ಮಾತ್ರ ಹೊಸ ಹೆಸರು ಬಂತು. ಮದುವೆ ಗೊತ್ತು ಮಾಡಲು ಬಂದವರು, ಆ ನಿಲ್ಲುವ ಬ್ಯಾಂಡು ನಿಮ್ಮದೇ ಏನು ಎಂದು ಕೇಳುತ್ತಿದ್ದರು. ಮೂರು ವರ್ಷ ಆ ಹಾಡಿಲ್ಲದೆ ಪೇಟೆಗಳಲ್ಲಿ ವರ ಕುದುರೆ ಹತ್ತಲಿಲ್ಲ ಎಂದರೆ ಸ್ವಲ್ಪವೇ ಅತಿಶಯೋಕ್ತಿ. ಬೇರೆ ಬ್ಯಾಂಡಿನವರೂ ಕದ್ದರು. ಕದ್ದವರು ಖಾಲಿಯಲ್ಲಿ ಡೋಲು ತುಂಬಿ ಕೆಡಿಸಿದರು. ವರನ ಅಜ್ಜಂದಿರು ಟೊಪ್ಪಿಗೆ ತೆಗೆಯುವುದನ್ನು ಬಿಟ್ಟು ಕಾಲೆತ್ತುವುದನ್ನು ಕಲಿತರು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಬ್ಯಾಂಕಿನವರ ಕಟ್ಟಡವೊಂದು ಕೋಥರೂಡಿನಲ್ಲಿ ಏಳುತ್ತಿತ್ತು. ಒಂದು ಸಂಜೆ ನೋಡಲು ಹೋದೆ. ಕಾಕಾ ಎರಡನೆಯ ಅಂತಸ್ತಿನ ಸಾರುವೆಯ ಮೇಲೆ ಕೂತು ಗೋಡೆ ಕಟ್ಟುತ್ತಿದ್ದರು. ನಾನು ಕೂಗಿ ಮಾತಾಡಿಸುವಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಮದುವೆ ಬಂತು. ನಮ್ಮ ವಾಡೆಯದೇ ಬ್ಯಾಂಡು, ಅವೇ ಕೆಂಪು ಕೋಟು, ಕಾಕಾನ ಜಾಗದಲ್ಲಿ ದಪ್ಪನೆಯ ಹೊಸಬನೊಬ್ಬ. ಚರಣ ಮುಗಿಸಿ ಅವರು ಅದನ್ನೇ ಎತ್ತಿದರು. ಕಾಕಾ ಕೆಳಗೆ ನೋಡಲೂ ಇಲ್ಲ. ಕರಣೆಯಲ್ಲಿ ಗಾರೆ ಹಿಡಿದುಕೊಂಡು ಕಿವಿ ಕೊಟ್ಟರು. ಏಟು ಬಿತ್ತು, ಹಿತ್ತಾಳೆಗಳೆಲ್ಲ ಒಟ್ಟಿಗೆ ಸುಮ್ಮನಾದವು, ಮದುವೆ ಮಂದಿಯ ಕಾಲು ನೆಲಕ್ಕೆ ಬಿತ್ತು. ಬ್ಯಾಂಡು ತಿರುವಿನಲ್ಲಿ ಮರೆಯಾಗುವವರೆಗೆ ಅವರು ಒಂದು ಇಟ್ಟಂಗಿಯನ್ನೂ ಇಡಲಿಲ್ಲ.

ಆಮೇಲೆ ಕೆಳಗಿಳಿದು ಬಂದರು. ಮರಳಿನ ರಾಶಿಯ ಮೇಲೆ ಕೂತು ಚಹ ಕುಡಿದೆವು. ಕೇಳಬಾರದು ಎಂದುಕೊಂಡೇ ಕೇಳಿದೆ, ಬೇರೆಯವನು ಊದುವುದನ್ನು ಕೇಳಿದರೆ ಸಂಕಟ ಆಗುವುದಿಲ್ಲವೇ ಎಂದು. ಅವರು ಮುಂದಿನ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

"ಯಾಕ್ರಿ ಆಗಬೇಕು? ಊದಾಕ ಹಲ್ಲ ಬೇಕು. ಸುಮ್ಮನ ನಿಂದ್ರಾಕ ಏನ ಬೇಕ್ರಿ? ಊದಿದ್ದೆಲ್ಲ ಅವಂದು, ಛಲೋ ಊದ್ತಾನ. ನಡುವ ನಿಂತಿತ್ತಲ್ರಿ ಸಾಹೇಬ್ರ, ಅದು ನಂದು."